ಕುಂಟಮರಕ್ಕೆ ಟವಲ್ ಹಾಕಿದವರಾರು

ರಜಾಕ್: ಅದೂ ಒಂದು ಹೆಸರೇನೋ? ಡಬ್ಬಿ ಮೇಲಿರೋದನ್ನ ಓದಿ ಮುಗಿಸೋಷ್ಟರಲ್ಲಿ ಒಳಗಿರೋದು ಕೆಟ್ಟು ಹೋಗ್ತದೆ.

ನಾನು: 'ಆಮ್ರಮಾಧುರ್ಯ'. ಐದೇ ಅಕ್ಷರ.

ರಜಾಕ್: ಐದರಲ್ಲಿ ಎರಡು ನನ್ನ ಬಾಯಲ್ಲಿ ತಿರುಗಲ್ಲ. ಗಿರಾಕಿ ಅಂಗಡಿಗೆ ಬಂದು ಏನಂತ ಕೇಳ್ಬೇಕು? ಚೀಟಿ ಬರಕೊಂಡು ಬರ್ಬೇಕಾ?

ರುಮಾನಾ: ಜಗಳ ಬೇಡ ಚಾಚಾ. ಆ ಹೆಸರು ಆಗ್ಲೇ ಹೋಗಿದೆ.

ರಜಾಕ್: ಹೋಯ್ತಾ? ಅದನ್ನೂ ಯಾರೋ ತಗೊಂಡವ್ರಾ? ಪಾಪ, ಯಾರ ಮನೆಯವರೋ.

ಇದು ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಎದುರಿನ ಆನ್‌ಲೈನ್ ಸೆಂಟರು. ಕಂಪ್ಯೂಟರ್ ಮುಂದೆ ಕೂತವಳು ರುಮಾನಾ, ರಜಾಕನ ಅಣ್ಣನ ಮಗಳು. ಅವಳ ಹಿಂದೆ ಮೂರು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಮಾವಿನ ಮಂಡಿಯ ಅಬ್ದುಲ್ ರಜಾಕ್, ಇನ್ನೊಂದರಲ್ಲಿ ಲೈಬ್ರರಿ ಕೆಲಸದಿಂದ ನಿವೃತ್ತನಾದ ನಾನು. ಮೂರನೆಯದರ ಮೇಲೆ ರಜಾಕ್ ತನ್ನ ಟವಲು ಹಾಕಿದ್ದ. ಯಾರಿಗೂ ಅಲ್ಲ. ಅಭ್ಯಾಸ.

ಮಾವಿನಹಣ್ಣಿನ ರಸವನ್ನು ಬಿಸಿಲಲ್ಲಿ ಒಣಗಿಸಿ ಮಾಡುವ ತಾಂಡ್ರದ ಕಂಪನಿ ತೆರೆಯುತ್ತೇವೆಂದು ನಾವು ಮೂವರು ಹನ್ನೊಂದು ವರ್ಷದಿಂದ ಹೇಳುತ್ತಿದ್ದೆವು. ಮೂರನೆಯವನು ಶ್ರೀರಾಮಪ್ಪ. ತೋಟ ಅವನದು, ತಾಂಡ್ರದ ಕೈ ಅವನ ಹೆಂಡತಿ ಭಾರತಮ್ಮನದು. ಸಂಕ್ರಾಂತಿಯಾದ ಮೂರನೇ ದಿನ ಅವನು ಹೋದ. ಹನ್ನೊಂದನೇ ದಿನ, ಎಲೆಯ ಮುಂದೆ ಕೂತು ಭಾರತಮ್ಮನಿಗೆ ಮಾತು ಕೊಟ್ಟೆವು: ಈ ಸಲ ಹಣ್ಣು ಇಳಿಯುವ ಮೊದಲು ಕಂಪನಿ ಆಗಿರುತ್ತದೆ. ಆಕೆ ಪಾಯಸ ಬಡಿಸುತ್ತ, "ನೀವು ಹೆಸರಿಡೋದ್ರೊಳಗೆ ನಾನೂ ಹೋಗಿರ್ತೀನಿ ಬಿಡಿ" ಅಂದಿದ್ದರು.

ಹಣ್ಣು ಇಳಿಯಲು ಇನ್ನು ಇಪ್ಪತ್ತು ದಿನ. ಹೆಸರು ಸಿಕ್ಕಿರಲಿಲ್ಲ.

ರಜಾಕ್: 'ಸೂಪರ್ ಮ್ಯಾಂಗೋ' ಹೊಡಿಯಮ್ಮ.

ರುಮಾನಾ: ಹೋಗಿದೆ.

ರಜಾಕ್: ಮುಂದೆ ಒಂದು 'ಶ್ರೀ' ಹಾಕು.

ರುಮಾನಾ: ಶ್ರೀ ಹಾಕಿದ್ರೂ ಅದೇ ಹೆಸರು ಅಂತ ಲೆಕ್ಕ ಚಾಚಾ. ಹಿಂದೆ ಬಾಲ ಸೇರಿಸಿದ್ರೂ ಅಷ್ಟೇ.

ರಜಾಕ್: 'ನ್ಯೂ' ಹಾಕು. ನಮ್ದು ಹೊಸದು ತಾನೆ?

ರುಮಾನಾ: ಚಾಚಾ, ಕೋಲಾರದ ಬಸ್ಸಿಗೆ ಕಿಟಕಿಯಿಂದ ಟವಲ್ ಎಸೀತೀರಲ್ಲ, ಸೀಟ್ ಹಿಡಿಯೋಕೆ. ಇದೂ ಹಂಗೇ. ಯಾರೋ ಮೊದಲೇ ಟವಲ್ ಹಾಕಿದ್ದಾರೆ. ನೀವು ನ್ಯೂ ಅಂದ್ರೆ ಎದ್ದೇಳ್ತಾರಾ?

ರಜಾಕ್: ಟವಲ್ ಎತ್ತಿ ಪಕ್ಕಕ್ಕಿಟ್ಟು ಕೂತ್ಕೊಂಡ್ರೆ?

ನಾನು: ಮೂವತ್ತು ವರ್ಷ ಶ್ರೀರಾಮಪ್ಪನ ಟವಲ್ ಮೇಲೆ ಕೂತು ಕೋಲಾರಕ್ಕೆ ಹೋದೋನು ನೀನು. ನಿನಗೆಲ್ಲಿ ಗೊತ್ತು ಸೀಟ್ ಕಷ್ಟ?

ರಜಾಕ್: ನೀನೇನು ನಿಂತ್ಕೊಂಡು ಹೋದೆಯಾ? ಅವನು ಮೂರು ಸೀಟು ಹಿಡೀತಿದ್ದ, ಕಿಟಕಿ ಪಕ್ಕ ತಾನು ಕೂತು ಗಾಳಿ ತಿನ್ತಿದ್ದ. ನಡುವೆ ನಾನು, ಆಚೆ ತುದೀಲಿ ನೀನು. ನಿನ್ನ ಅರ್ಧ ಮೈ ದಾರೀಲಿ ಇರ್ತಿತ್ತು, ಅಷ್ಟೇ.

ರುಮಾನಾ: ಅವರ ಹೆಸರೇ ಇಟ್ರೆ ಆಗಲ್ವಾ?

ನಾನು: ಮೊದಲು ಅದೇ ನೋಡಮ್ಮ. 'ಶ್ರೀರಾಮಪ್ಪ ಫುಡ್ಸ್'.

ಅವಳು ಹೊಡೆದಳು. ಪರದೆಯ ತುಂಬ ಶ್ರೀರಾಮರು. ಕೆಳಗೆ ಇಳಿಸಿದಳು, ಇನ್ನೂ ಶ್ರೀರಾಮರು.

ರುಮಾನಾ: ಇದಕ್ಕೆ ತೀರಾ ಹತ್ತಿರದ ಹೆಸರುಗಳು ಬಹಳ ಇವೆ ಸಾರ್. ತಿರುಗಿಸಿ ಕಳಿಸ್ತಾರೆ.

ರಜಾಕ್: ಹಂಗಾದ್ರೆ 'ರಜಾಕ್ ಅಂಡ್ ಫ್ರೆಂಡ್ಸ್'.

ನಾನು: ಫ್ರೆಂಡ್ಸ್ ಅಂದ್ರೆ ಯಾರು? ನಾವಾ?

ರಜಾಕ್: ಮತ್ತೆ?

ನಾನು: ತೋಟ ಅವನದು, ಕೈ ಭಾರತಮ್ಮನದು, ಪತ್ರ ಬರೆಯೋನು ನಾನು. ನಿನ್ನದೇನು?

ರಜಾಕ್: ನಾಲಿಗೆ. ಕಾಯಿ ಮುಟ್ಟದೆ ಹುಳಿ ಎಷ್ಟು ಅಂತ ಹೇಳ್ತೀನಿ.

ರುಮಾನಾ: ಹೆಸರು ಆಮೇಲೆ ಆಗಲಿ. ಅಷ್ಟರಲ್ಲಿ ಇಬ್ಬರದೂ ಆಧಾರ್, ಪ್ಯಾನ್ ಕೊಡಿ.

ನಾನು: ಹೋದ ದಸರಾದಲ್ಲಿ ಬಸ್ ಪಾಸಿಗೆ ಅಂತ ಶ್ರೀರಾಮಪ್ಪನಿಗೆ ಇವೇ ಕಾಗದ ಕೊಟ್ಟೆ, ಹೇಳಿದ ಕಡೆ ಸಹಿನೂ ಹಾಕಿದೆ. ಪಾಸು ಇವತ್ತಿಗೂ ಬಂದಿಲ್ಲ.

ರಜಾಕ್: ನಂದೂ ಬಂದಿಲ್ಲ. ಅವನ್ನ ಕೇಳಿದ್ರೆ ನಗ್ತಿದ್ದ. "ಹಣ್ಣು ಇಳೀಲಿ, ಒಂದು ವಿಷ್ಯ ಹೇಳ್ತೀನಿ" ಅಂತಿದ್ದ. ಪಾಸಿಗೂ ಹಣ್ಣಿಗೂ ಏನ್ಲಾ ಸಂಬಂಧ?

ಇಬ್ಬರೂ ಸ್ವಲ್ಪ ಹೊತ್ತು ಮೂರನೇ ಕುರ್ಚಿಯ ಕಡೆ ನೋಡಲಿಲ್ಲ. ಆಮೇಲೆ ರಜಾಕ್ ಎದ್ದು ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದ. ಮೇಜಿನ ಮೇಲಿದ್ದ ಪೇಪರಿನ ಅಂಚು ಹರಿದು, ಅಂಗೈ ಅಡ್ಡ ಹಿಡಿದುಕೊಂಡು ಏನೋ ಬರೆದ. ನನ್ನ ಮುಂದೆ ಇಟ್ಟ.

'ಕುಂಟಮರ'.

ಶ್ರೀರಾಮಪ್ಪನ ತೋಟದ ಮೂಲೆಯಲ್ಲಿ ಒಂದು ಮಾವಿನ ಮರವಿದೆ. ಸಿಡಿಲು ಬಡಿದು ಒಂದು ಕಡೆಗೆ ವಾಲಿದೆ. ಅದರ ಹಣ್ಣು ಹಂದಿಯೂ ಮೂಸುವುದಿಲ್ಲ. ಸಂಜೆ ನಾವು ಮೂವರು ಅದರ ಕೆಳಗೆ ಕೂರುತ್ತಿದ್ದೆವು. ಆ ಹೆಸರು ಇಟ್ಟವರು ನಾವು. ಭಾರತಮ್ಮ ಕೂಡ ಅದನ್ನು ಮೂಲೆ ಮರ ಎನ್ನುತ್ತಾರೆ.

ನಾನು: ರಜಾಕ್, ಜೀವನದಲ್ಲಿ ಮೊದಲನೇ ಸಲ ಒಂದು ಒಳ್ಳೆ ಮಾತು ಹೇಳಿದೆ.

ರಜಾಕ್: ಮೆತ್ತಗೆ. ಹೊರಗೆ ಯಾರಾದ್ರೂ ಕೇಳಿ ಟವಲ್ ಹಾಕ್ಬಿಟ್ಟಾರು. ರುಮಾನಾ, ಬಾಯಲ್ಲಿ ಹೇಳ್ಬೇಡ, ಬೆರಳಲ್ಲೇ ಹೊಡಿ. ಇಡೀ ಪ್ರಪಂಚದಲ್ಲಿ ಇದು ಮೂರೇ ಜನಕ್ಕೆ ಗೊತ್ತು.

ಅವಳು ಹೊಡೆದಳು. ಸುತ್ತುವ ಗುಂಡು ಸುತ್ತಿತು, ನಿಂತಿತು.

ರುಮಾನಾ: ಹೋಗಿದೆ.

ರಜಾಕ್: ಏನು ಹೋಗಿದೆ?

ರುಮಾನಾ: 'ಕುಂಟಮರ ಫುಡ್ಸ್ ಪ್ರೈವೇಟ್ ಲಿಮಿಟೆಡ್'. ಇದೆ. ನಡೀತಾ ಇರೋ ಕಂಪನಿ ಅಂತ ತೋರಿಸ್ತಿದೆ.

ರಜಾಕ್ ನಿಧಾನವಾಗಿ ನನ್ನ ಕಡೆ ತಿರುಗಿದ.

ರಜಾಕ್: ಯಾರಿಗೆ ಹೇಳ್ದೆ?

ನಾನು: ನಾನಾ?

ರಜಾಕ್: ರಾಯಲ್ಪಾಡಿನ ನಿಮ್ಮ ಬೀಗರು ಬಂದಾಗ ನೀನು ತೋಟಕ್ಕೆ ಕರಕೊಂಡು ಹೋಗಿದ್ದೆ. ಆ ಮರದ ಕೆಳಗೇ ಕೂರಿಸಿ ಬೋಂಡಾ ಕೊಟ್ಟೆ.

ನಾನು: ಬೋಂಡಾ ಕೊಟ್ಟೆ, ಹೆಸರು ಕೊಡಲಿಲ್ಲ. ನೀನು ಮಂಡಿಯಲ್ಲಿ ದಿನಕ್ಕೆ ಇನ್ನೂರು ಜನರ ಹತ್ತಿರ ಮಾತಾಡ್ತೀಯ. ಬಾಯಿ ಜಾರಿರುತ್ತೆ.

ರಜಾಕ್: ನಾನು ನನ್ನ ಹೆಂಡ್ತಿ ಹಜೀರಾಗೇ ಹೇಳಿಲ್ಲ.

ನಾನು: ಆಕೆ ನಿನ್ನ ಮಾತು ಕೇಳಿಸಿಕೊಂಡು ಎಷ್ಟು ವರ್ಷ ಆಯ್ತು?

ರಜಾಕ್: ನೋಡ್ಲಾ, ಅವನು ಹೋಗಿ ನೂರು ದಿನ ಆಗಿಲ್ಲ. ಅವನು ಕೂರ್ತಿದ್ದ ಜಾಗದ ಹೆಸರು ಮಾರಿದೀಯ. ಆ ಕದ್ದವನ ತಾಂಡ್ರಕ್ಕೆ ಗೊದ್ದ ಇರುವೆ ಮುತ್ತಲಿ. ಡಬ್ಬಿ ತೆಗೆದ್ರೆ ಮುಚ್ಚಳ ಮಾತ್ರ ಬರಲಿ.

ನಾನು: ನನ್ನದೂ ಅದೇ ಶಾಪ. ರುಮಾನಾ, ವಿಳಾಸ ನೋಡಮ್ಮ.

ರುಮಾನಾ: ಶ್ರೀನಿವಾಸಪುರ ತಾಲ್ಲೂಕು.

ರಜಾಕ್: ನಮ್ಮೂರ ಕಳ್ಳನೇ. ಒಬ್ಬನಾ?

ರುಮಾನಾ: ಡೈರೆಕ್ಟರುಗಳು ಮೂರು ಜನ.

ರಜಾಕ್: ಮೂರು ಜನ ಸೇರಿ ಕದ್ದವ್ರೆ. ಹೆಸರು ಓದು. ಈಗ್ಲೇ ಒಬ್ಬೊಬ್ಬರ ಮನೆಗೂ ಹೋಗ್ತೀನಿ.

ರುಮಾನಾ ಪರದೆ ನೋಡಿದಳು. ಚಾಚಾನನ್ನು ನೋಡಿದಳು. ಮತ್ತೆ ಪರದೆ ನೋಡಿದಳು.

ರುಮಾನಾ: ಒಂದು ಮನೆ ನಿಮ್ಮದೇ ಚಾಚಾ. ಅಬ್ದುಲ್ ರಜಾಕ್.

ರಜಾಕ್: ಮಂಡಿ ಬೀದೀಲಿ ಆ ಹೆಸರಿನವರು ನಾಲ್ಕು ಜನ ಅವ್ರೆ.

ರುಮಾನಾ: ಇನ್ನೊಂದು ಅಮರನಾಥ್.

ರಜಾಕ್ ನನ್ನ ಮೇಲೆ ಕೈ ಎತ್ತಿದವನು ಹಾಗೇ ನಿಂತ. ನನ್ನ ಹೆಸರು ಅದು.

ನಾನು: ಮೂರನೆಯದು?

ರುಮಾನಾ: ಶ್ರೀರಾಮಪ್ಪ ಸಾರ್. ಹೋದ ವರ್ಷ ದೀಪಾವಳಿ ಕಳೆದ ಮೇಲೆ ರಿಜಿಸ್ಟರ್ ಆಗಿದೆ.

ಹೊರಗೆ ಕೋಲಾರದ ಬಸ್ಸು ಬಂತು. ಜನ ಕಿಟಕಿಗಳ ಕಡೆ ಓಡಿದರು.

ರಜಾಕ್: ಅಮರ, ಅವತ್ತು ಅವನು ಫೋನ್ ಹಿಡ್ಕೊಂಡು "ನಗಬೇಡ, ಇಲ್ಲಿ ನೋಡಿ ಹೆಸರು ಹೇಳು" ಅಂದಿದ್ನಲ್ಲ.

ನಾನು: ನನಗೂ ಅಂದ. ಬಸ್ ಪಾಸಿಗೆ ಮುಖ ತೋರಿಸ್ಬೇಕು ಅಂದ.

ರಜಾಕ್: ನಾನು ಬಿಳಿ ಶರ್ಟ್ ಹಾಕ್ಕೊಂಡು ಹೋಗಿದ್ದೆ ಕಣೋ, ಪಾಸಲ್ಲಿ ಚೆನ್ನಾಗಿ ಕಾಣ್ಲಿ ಅಂತ.

ರುಮಾನಾ: ಅದು ಕಂಪನಿಯ ಡಿಜಿಟಲ್ ಸಹಿಗೆ ತೆಗೆಯೋ ವಿಡಿಯೋ. ಸಾರ್, ನೀವು ಕಾಗದಕ್ಕೆ ಸಹಿ ಹಾಕೋಕೆ ಮುಂಚೆ ಓದಲಿಲ್ವಾ?

ನಲವತ್ತು ವರ್ಷ ಪುಸ್ತಕಗಳ ನಡುವೆ ಕೂತವನು ನಾನು. ಬೋಂಡಾ ಕಟ್ಟಿಕೊಟ್ಟ ಕಾಗದವನ್ನೂ ಓದಿಯೇ ಬಿಸಾಡುವವನು. ಶ್ರೀರಾಮಪ್ಪ ತಂದ ಕಾಗದವನ್ನು ಮಾತ್ರ ಎಂದೂ ಓದಿದ್ದಿಲ್ಲ. ಫೋನ್ ತೆಗೆದು ಭಾರತಮ್ಮನಿಗೆ ಹಚ್ಚಿದೆ.

ನಾನು: ಭಾರತಮ್ಮ, ಮನೇಲಿ ಕಂಪನಿ ಕಾಗದ ಏನಾದ್ರೂ ಇದೆಯಾ?

ಭಾರತಮ್ಮ: ನೀಲಿ ಫೈಲು ಹನ್ನೊಂದನೇ ದಿನಾನೇ ತೋರಿಸ್ದೆನಲ್ಲಣ್ಣ. ಬಿಚ್ಚಿ ನೋಡದೇನೆ ಇನ್ಷೂರೆನ್ಸ್ ಇರ್ಬೇಕು, ಆಮೇಲೆ ನೋಡೋಣ ಅಂದ್ರಿ ಇಬ್ರೂ.

ನಾನು: ಅದು ಈಗ ಎಲ್ಲಿದೆ?

ಭಾರತಮ್ಮ: ಅದ್ರಲ್ಲೇ ಉಪ್ಪಿನಕಾಯಿ ಜಾಡಿ ಮುಚ್ಚಿದೀನಿ. ಸರಿಯಾಗಿ ಕೂತದೆ. ಹೆಸರು ಸಿಕ್ತಾ?

ನಾನು: ಸಿಕ್ತು. ಅವನೇ ಇಟ್ಟಿದ್ದಾನೆ.

ಆಕೆ ಜಾಡಿ ಸರಿಸಿದ ಸದ್ದು ಕೇಳಿಸಿತು. ಆಮೇಲೆ, "ಹಂಗಾದ್ರೆ ಜಾಡಿಗೆ ಬೇರೆ ಮುಚ್ಚಳ ನೋಡ್ತೀನಿ" ಎಂದು ಇಟ್ಟರು.

ರಜಾಕ್ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿದ್ದು ಕನ್ನಡಕವನ್ನಲ್ಲ. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

ರಜಾಕ್: ಬೇಟಿ, ಪಟ್ಟೀಲಿ ಮೊದಲನೇ ಹೆಸರು ಯಾರದು? ನಂದಾ, ಇವನದಾ?

ರುಮಾನಾ: ಎರಡೂ ಅಲ್ಲ. ಮೊದಲು ಶ್ರೀರಾಮಪ್ಪ ಸಾರ್ದು. ನಡುವೆ ನಿಮ್ಮದು. ಕೊನೇಲಿ ಇವರದು.

ರಜಾಕ್ ಮೂರನೇ ಕುರ್ಚಿಯ ಮೇಲಿಂದ ತನ್ನ ಟವಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

ರಜಾಕ್: ನೋಡ್ಲಾ ಅಮರ. ಮೂರು ಸೀಟೂ ಹಿಡಿದವ್ನೆ. ಕಿಟಕಿ ಪಕ್ಕದ್ದು ಮಾತ್ರ ಈ ಸಲನೂ ಬಿಟ್ಟಿಲ್ಲ.