ಬಾಚಣಿಗೆ ಕಲ್ಲಿನ ಮುಂದೆ ಇಟ್ಟ ಜರಡಿ

ನೀರು ಹಂಚಿಕೆ ಸಮಿತಿಯ ಕಾರ್ಯಾಲಯ
ತಿನ್‌ಜಿಲೆತ್ ಓಯಸಿಸ್, ಅದ್ರಾರ್ ಪ್ರಾಂತ
ಸಂಖ್ಯೆ: ನೀಹಂಸ/ಮರಳು/೧೭ (ಮೂರನೇ ಸಲ ತಿದ್ದಿದ್ದು)

ವಿಷಯ: ವಿಧವೆ ಮಬ್ರೂಕಾ ಅವರು ಅನುಮತಿಯಿಲ್ಲದೆ ಸರಿಯಾದದ್ದನ್ನು ಮಾಡಿರುವ ಕುರಿತು.
ಉಲ್ಲೇಖ: ಅಧ್ಯಕ್ಷರಿಗೆ ಬಂದ ಸಿಟ್ಟು, ಕಳೆದ ಸೋಮವಾರ.

ಸುರಂಗದಿಂದ ಬರುವ ನೀರನ್ನು ತನ್ನ ಹಲ್ಲುಗಳ ನಡುವಿನ ಸಂದುಗಳಿಂದ ಹೊಲಗಳಿಗೆ ಪಾಲು ಮಾಡುವ ಬಾಚಣಿಗೆ ಕಲ್ಲಿನ ಕೊನೆಯ ಸಂದು ಮರಳು ಕಟ್ಟಿ, ಮಬ್ರೂಕಾ ಅವರ ಹನ್ನೊಂದು ಖರ್ಜೂರದ ಸಸಿಗಳು ಬಾಡುತ್ತಿದ್ದುದು ಸರಿಯಷ್ಟೆ. ಸದರಿಯವರು ನಾರಿನ ಜರಡಿ ಹೆಣೆದು ಕಲ್ಲಿನ ಮುಂದಿಟ್ಟು, ಮೂರು ದಿನ ನೀರು ಸಲೀಸಾಗಿ ಹರಿದಿರುವುದು ಗಮನಕ್ಕೆ ಬಂದ ಕೂಡಲೇ ಜರಡಿಯನ್ನು ಕಿತ್ತುಹಾಕಲಾಗಿದೆ. ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಸದರಿ ಕಲ್ಲನ್ನು ಅಧ್ಯಕ್ಷ ಹಾಜಿ ಲಖ್ದರ್ ಅವರ ಮುತ್ತಜ್ಜ ಕೊರೆದಿದ್ದು, ಅದರಲ್ಲಿ ದೋಷವಿರತಕ್ಕದ್ದಲ್ಲ. ಇದ್ದಲ್ಲಿ ಅದು ನೀರಿನದು.

೨. "ನಮ್ಮುತ್ತಜ್ಜನ ಕಲ್ಲಿಗೆ ಬುದ್ಧಿ ಹೇಳೋಕೆ ನೀನ್ಯಾರಮ್ಮ?" ಎಂದು ಅಧ್ಯಕ್ಷರು ಕೇಳಲಾಗಿ, "ನಿಮ್ಮುತ್ತಜ್ಜ ಯಾರಂತ ಮರಳಿಗೆ ಗೊತ್ತಿಲ್ವಲ್ಲ ಹಾಜಿ, ಬಂದು ಕೂತ್ಕೊಂಡ್‌ಬಿಡ್ತದೆ" ಎಂದು ಮಬ್ರೂಕಾ ಉತ್ತರಿಸಿರುತ್ತಾರೆ. ಮರಳಿಗೆ ನೋಟಿಸು ಜಾರಿ ಮಾಡಲಾಗಿದೆ.

೩. ಹಿಂದೆ ಬಾರ್ಕಾ ಎಂಬ ಕೂಲಿಯವನು ಬಾವಿಗೆ ರಾಟೆ ಕಟ್ಟಿದಾಗಲೂ ಅದನ್ನು ನಲವತ್ತು ವರ್ಷ ನಿಷೇಧಿಸಿ, ಅಷ್ಟೂ ಕಾಲ ಕೈಯಲ್ಲೇ ಸೇದಲಾಗಿತ್ತು. ಬಾರ್ಕಾ ತೀರಿಕೊಂಡ ಮೇಲೆ ರಾಟೆ ಒಳ್ಳೆಯದಾಯಿತು. ಮಬ್ರೂಕಾ ಅವರೂ ಇದೇ ರೀತಿ ಸಹಕರಿಸಬಹುದು.

೪. "ಸಂದು ಕಟ್ಟದೇ ಇದ್ರೆ ಮರು ಅಳತೆಗೆ ನನ್ನನ್ನ ಯಾರು ಕರೀತಾರೆ? ಮೂರು ಲೋಟ ಚಹಾ ಯಾರು ಕೊಡ್ತಾರೆ?" ಎಂಬ ನೀರಳತೆಗಾರ ಕುವಿದರ್ ಅವರ ತಾಂತ್ರಿಕ ಆಕ್ಷೇಪವನ್ನು ಎತ್ತಿಹಿಡಿಯಲಾಗಿದೆ.

೫. ಜರಡಿ ಕಿತ್ತ ಮೇಲೆ, ಬುಧವಾರದಿಂದ ಅಧ್ಯಕ್ಷರ ಹೊಲದ ಸಂದೂ ಕಟ್ಟಿಕೊಂಡಿದೆ. ಇದು ಕಾಕತಾಳೀಯ.

೬. ಆದಾಗ್ಯೂ, ಕಲ್ಲಿನ ಶೋಭೆಗಾಗಿ ಅದರ ಮುಂದೆ ನಾರಿನ ಅಲಂಕಾರವೊಂದನ್ನು ಇಡಬೇಕೆಂದು ಗುರುವಾರ ಬೆಳಿಗ್ಗೆ ಅಧ್ಯಕ್ಷರಿಗೆ ತಾನಾಗಿಯೇ ಹೊಳೆದಿದೆ. ಅದನ್ನು ಮಬ್ರೂಕಾ ಹೆಣೆದು, ಹಿಂದೆ ಇಟ್ಟಲ್ಲೇ ಇಡತಕ್ಕದ್ದು. ಜರಡಿ ಎಂದು ಕರೆದವರಿಗೆ ಒಂದು ಸರದಿ ನೀರು ಕಡಿತ.

೭. ಅಲಂಕಾರದ ದೆಸೆಯಿಂದ ಕೊನೆಯ ಸಂದಿಗೂ ನೀರು ಹರಿದು ಸದರಿ ಸಸಿಗಳು ಚಿಗುರಿದಲ್ಲಿ, ಅದನ್ನು ಸೋರಿಕೆಯೆಂದು ಪರಿಗಣಿಸಲಾಗುವುದು.

ಸಹಿ/-
ಕಾರ್ಯದರ್ಶಿ
(ಅಧ್ಯಕ್ಷರ ಪರವಾಗಿ, ಅವರು ಹೊಲದ ಬದುವಿನಲ್ಲಿ ನೀರಿಗೆ ಕಾಯುತ್ತಿದ್ದಾರೆ)

ಪ್ರತಿಗಳು:
೧. ಶ್ರೀ ಕುವಿದರ್, ಮಾಹಿತಿಗಾಗಿ. ಚಹಾ ಎಂದಿನಂತೆ.
೨. ದಿವಂಗತ ಮುತ್ತಜ್ಜ, ಘಟನೋತ್ತರ ಒಪ್ಪಿಗೆಗಾಗಿ.
೩. ಶ್ರೀಮತಿ ಮಬ್ರೂಕಾ, ಕಟ್ಟುನಿಟ್ಟಿನ ಪಾಲನೆಗಾಗಿ. ಸೋರಿಕೆಯ ವೇಳೆ ಸಸಿಗಳ ನಡುವೆ ನಿಂತು ನಗತಕ್ಕದ್ದಲ್ಲ.