ಚೆಪೆ-ತೂಲಾ ದಂಪತಿಗಳ ವಿದ್ಯಾಭ್ಯಾಸ

ಇಪ್ಪತ್ತಾರು ವರ್ಷ ಲಿಯೋನ್ ಪಟ್ಟಣದ ಹುಡುಗರ ತಲೆಗೆ ಭೂಗೋಳ ತುರುಕಿದ ನನಗೆ ಎರಡು ಗಿಣಿಗಳಿಗೆ ಎರಡು ವಾಕ್ಯ ಕಲಿಸುವುದು ಯಾವ ಮಹಾ ಕೆಲಸ!

"ಜೋಡಿ ಗಿಣಿ ಮಾತು ಕಲಿಯೋದಿಲ್ಲ ರೀ," ಎಂದಳು ಹೆಂಡತಿ ಅಸುಸೇನಾ. "ಅವಕ್ಕೆ ಅವುಗಳ ಸಂಸಾರವೇ ಸಾಕಾಗಿದೆ. ಒಂದನ್ನ ಬೇರೆ ಪಂಜರಕ್ಕೆ ಹಾಕಿ."

"ಗಂಡ ಹೆಂಡ್ತೀನ ಅಗಲಿಸೋ ಪಾಪ ನನಗೆ ಬೇಡ! ಚೆಪೆ ಪ್ರಶ್ನೆ ಕೇಳ್ತಾನೆ, ತೂಲಾ ಉತ್ತರ ಹೇಳ್ತಾಳೆ. ಡಿಸೆಂಬರ್ ಏಳಕ್ಕೆ ನಿಮ್ಮಮ್ಮ ಮೂಗಿನ ಮೇಲೆ ಬೆರಳಿಡಬೇಕು, ನೋಡ್ತಿರು!"

ಅದು ಮರಿಯಮ್ಮನ ಹಬ್ಬದ ಮುನ್ನಾದಿನ; ಆ ಸಂಜೆ ಊರಿಗೆ ಊರೇ ಮಿಠಾಯಿಗಾಗಿ ಚೀಲ ಹಿಡಿದು ಬೀದಿಗಿಳಿಯುತ್ತದೆ. ಕಿಟಕಿಯ ಮುಂದೆ ನಿಂತು "ಇಷ್ಟೊಂದು ಸಂತೋಷ ಯಾರಿಂದ?" ಎಂದು ಕೂಗಿದರೆ ಒಳಗಿನವರು "ಅಮಲೋದ್ಭವ ಮಾತೆ ಮರಿಯಮ್ಮನಿಂದ!" ಎನ್ನಬೇಕು. ಉತ್ತರ ಕೊಟ್ಟ ಮನೆ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ. ನಮ್ಮ ಮನೆಯ ಹಂಚಿಕೆ ಅತ್ತೆ ದೋನ್ಯಾ ಎರ್ಮಿನಿಯಾ ಅವರ ಹರಕೆ. ಒಂದು ವಾರ ಒಲೆಯ ಮುಂದೆ ಕುಳಿತು ಮಾಡಿದ ತೆಂಗಿನ ಮಿಠಾಯಿ, ಜೋಳದ ಉಂಡೆಗಳನ್ನು ನಾಲ್ಕು ಬುಟ್ಟಿ ತುಂಬಿ ಮುಂಚಿತವಾಗಿಯೇ ಕಳಿಸಿದ್ದರು.

ಎರಡು ತಿಂಗಳು ಬೀದಿ ಕಿಟಕಿಯಲ್ಲಿ ಪಂಜರ ತೂಗುಹಾಕಿ ಗಂಟಲು ಹರಿಯುವಂತೆ ಪಾಠ ಮಾಡಿದೆ. ದಂಪತಿಗಳು ಪರಸ್ಪರ ಕತ್ತು ಕೆರೆದುಕೊಂಡರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ!

ಆರನೇ ತಾರೀಖು ಮಧ್ಯಾಹ್ನ ಅಸುಸೇನಾ ಪೇಟೆಗೆ ಹೋಗಿದ್ದಳು. ನಾನು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದೆ. ಆಗ ಕೇಳಿಸಿತು, ನನ್ನದೇ ಧ್ವನಿ!

"ಇಷ್ಟೊಂದು ಸಂತೋಷ ಯಾರಿಂದ?" ಎಂದ ಚೆಪೆ.

"ಮರಿಯಮ್ಮನಿಂದ!" ಎಂದಳು ತೂಲಾ.

ಕುಣಿದುಬಿಟ್ಟೆ! ಸೋಪು ತೊಳೆದು ಹೊರಬರುವಷ್ಟರಲ್ಲಿ ಕಿಟಕಿಯ ಮುಂದೆ ಜನಸಾಗರ. "ಈ ಮನೇಲಿ ಇವತ್ತೇ ಕೊಡ್ತಿದಾರಂತೆ!" ಯಾರು ಕೂಗಿದರೂ ತೂಲಾ ತಪ್ಪದೆ ಉತ್ತರಿಸುತ್ತಿದ್ದಳು. ಉತ್ತರ ಕೊಟ್ಟಾಯಿತಲ್ಲ, ಕೊಡದೆ ವಿಧಿಯಿಲ್ಲ. ನಾಲ್ಕೂ ಬುಟ್ಟಿ ಖಾಲಿಯಾದ ಮೇಲೆ ಕಿಟಕಿಯಲ್ಲಿ ನಿಂತು ಅರಚಿದೆ: "ಮುಗೀತು! ಮುಂದಿನ ಮನೆಗೆ ಹೋಗಿ!" ಒಂದಲ್ಲ, ಐವತ್ತು ಸಲ.

ಅಸುಸೇನಾ ಬಂದವಳು ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು, ಪಂಜರ ಇಳಿಸಿ ಒಳಕೋಣೆಗೆ ಒಯ್ದಿಟ್ಟಳು.

"ಅಮ್ಮನಿಗೆ ಗೊತ್ತಾದ್ರೆ ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ. ನಾಳೆ ಸಂಜೆ ಚೀಲ ಹಿಡ್ಕೊಂಡು ಹೋಗಿ, ಬೀದಿ ಬೀದಿ ಕೂಗಿ, ತುಂಬಿಸ್ಕೊಂಡು ಹಿತ್ತಲ ಬಾಗಿಲಿಂದ ಬನ್ನಿ!"

"ನಾನು ಮೇಷ್ಟ್ರು ಕಣೇ!"

"ಜೋರಾಗಿ ಕೂಗೋಕೆ ಒಳ್ಳೇದೇ ಆಯ್ತು."

ಮರುದಿನ ಸಂಜೆ ಹೊರಟೆ. ಪ್ರತಿ ಕಿಟಕಿಯಲ್ಲೂ ಒಬ್ಬೊಬ್ಬ ಹಳೆಯ ಶಿಷ್ಯ! "ಮೇಷ್ಟ್ರೇ, ಇನ್ನೂ ಜೋರಾಗಿ!" ಎಂದು ನಕ್ಕು ಚೀಲಕ್ಕೆ ಹಾಕಿದರು. ಚೀಲವೇನೋ ತುಂಬಿತು. ಆದರೆ ಹಿತ್ತಲ ಕಡೆಗೆ ತಿರುಗಬೇಕೆನ್ನುವಷ್ಟರಲ್ಲಿ ಜನ ನನ್ನನ್ನು ತಳ್ಳಿಕೊಂಡು ಹೋಗಿ ನಮ್ಮದೇ ಕಿಟಕಿಯ ಮುಂದೆ ನಿಲ್ಲಿಸಿದರು. ಒಳಗೆ ಮರಿಯಮ್ಮನ ಪೂಜಾಪೀಠದ ಪಕ್ಕದಲ್ಲೇ ಅತ್ತೆ! ಬಟ್ಟೆ ಮುಚ್ಚಿದ ಖಾಲಿ ಬುಟ್ಟಿಗಳನ್ನು ಅಸುಸೇನಾ ಕಾಯುತ್ತಿದ್ದಳು.

"ಅಯ್ಯೋ ಅಸುಸೇನಾ!" ಅತ್ತೆ ಎದ್ದು ನಿಂತರು. "ಅಳಿಯಂದ್ರು ಜ್ವರ ಬಂದು ಮಲಗಿದಾರೆ ಅಂದ್ಯಲ್ಲೇ? ಇಲ್ಲಿ ಚೀಲ ಹಿಡ್ಕೊಂಡು ನಿಂತಿದಾರಲ್ಲೇ!"

ಅಸುಸೇನಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವನು ಮಿಠಾಯಿ ತಂದುಕೊಡೋ ಆಳಮ್ಮ," ಎಂದು ಚೀಲವನ್ನು ಒಳಗೆಳೆದುಕೊಂಡಳು. "ನಮ್ಮನೆಯವರು ಒಳಗೇ ಇದಾರೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒಳಕೋಣೆಯಿಂದ ನನ್ನದೇ ಧ್ವನಿ ಗುಡುಗಿತು: "ಮುಗೀತು! ಮುಂದಿನ ಮನೆಗೆ ಹೋಗಿ!"

"ಹೌದಲ್ಲ, ಅಳಿಯಂದ್ರದ್ದೇ ಧ್ವನಿ," ಎಂದು ಅತ್ತೆ ನೆಮ್ಮದಿಯಿಂದ ಕುಳಿತರು. "ಕೇಳಿಸ್ಲಿಲ್ವೇನಪ್ಪಾ? ಮನೆ ಯಜಮಾನರು ಹೇಳಿದ್ರಲ್ಲ, ನಡಿ."

ಮುಂದಿನ ಮನೆಗೆ ಹೋದೆ.