ಜನರೇಟರ್ ಎಳೆಯಲು ಒಂದು ಗಾಡಿ

ಟಾರ್ಚಿನ ತಾಳಿ

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬೆಳಗಿನ ಐದೂವರೆ ಮುಹೂರ್ತ. ಛತ್ರದಲ್ಲಿ ಕೈಗೆ ಕೈ ಕಾಣುತ್ತಿರಲಿಲ್ಲ. ಜನರೇಟರ್ ಬಂದಿರಬೇಕಿತ್ತು, ಬಂದಿರಲಿಲ್ಲ. ಅದನ್ನು ಎಳೆದು ತರುತ್ತಿದ್ದ ಬಾಡಿಗೆ ಟೆಂಪೋ ಹುಣಸೂರು ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಪುರೋಹಿತರು ಯಾರದೋ ಟಾರ್ಚಿನ ಬೆಳಕಿನಲ್ಲಿ ತಾಳಿ ಕಟ್ಟಿಸಿದರು. ಅರ್ಧ ಗಂಟೆಯ ಮೇಲೆ ಕರೆಂಟು ಬಂತು. ಆಗ ವಿಡಿಯೋದವನು ಮುಂದೆ ಬಂದ.

"ಸ್ವಾಮಿ, ಕ್ಯಾಮೆರಾದಲ್ಲಿ ಏನೂ ಬಂದಿಲ್ಲ. ಇನ್ನೊಂದ್ಸಲ ಕಟ್ಟಿಸ್ತೀರಾ?"

"ಇನ್ನೊಂದು ಹುಡುಗಿ ಕರ್ಕೊಂಡು ಬಾ, ಕಟ್ಟಿಸ್ತೀನಿ" ಅಂದರು ಪುರೋಹಿತರು.

ಇದನ್ನು ನನಗೆ ಹೇಳಿದವನು ಶಾಮಿಯಾನದವನು. ಅಶೋಕಪುರಂನಲ್ಲಿ ಅವನ ಅಂಗಡಿ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ. ಎರಡು ಚಕ್ರದ ಟ್ರಾಲಿಯ ಮೇಲೆ ಕೂರಿಸಿದ ಒಂದು ಜನರೇಟರ್ ಇತ್ತು. ನನಗೆ ದೇವರಾಜ ಮೊಹಲ್ಲಾದಲ್ಲಿ ಗ್ಯಾರೇಜು. ತೊಂಬತ್ತರ ದಶಕದಲ್ಲಿ ಹಳೆಯ ಗಾಡಿ ಕೊಳ್ಳುವವರು ಜೊತೆಗೊಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಅವನು ನನ್ನ ಹತ್ತಿರ ಬಂದಿದ್ದ.

"ಅಣ್ಣ, ಛತ್ರದ ಮ್ಯಾನೇಜರ್ ಹೇಳ್ಬುಟ್ಟವ್ರೆ. ಇನ್ನೊಂದ್ಸಲ ಲೇಟಾದ್ರೆ ಬೋರ್ಡು ಬಿಚ್ಕೊಂಡು ಹೋಗು ಅಂತ. ಮುಂದಿನ ಮದುವೆಗೆ ಹದಿನೆಂಟೇ ದಿನ. ನನ್ನದೇ ಒಂದು ಗಾಡಿ ಬೇಕು."

ಛತ್ರದ ಗೇಟಿನಲ್ಲಿ ಅವನ ಅಂಗಡಿಯ ಬೋರ್ಡು ಹಾಕಿತ್ತು. ಅವನ ಸಂಪಾದನೆಯಲ್ಲಿ ಅರ್ಧ ಆ ಛತ್ರದ್ದು. ಬೋರ್ಡು ಹೋದರೆ ಅಂಗಡಿಯೂ ಹೋದ ಹಾಗೆ.

ನಾನು ಹೇಳಿದೆ, "ಎಳೆಯೋಕೆ ಎಂಜಿನ್ ನೋಡು. ನಿಲ್ಸೋಕೆ ಬ್ರೇಕ್ ನೋಡು. ಹೊರೋಕೆ ಚಾಸಿ ನೋಡು. ಬಣ್ಣ ಮಾತ್ರ ನೋಡ್ಬೇಡ."

"ಆಯ್ತಣ್ಣ" ಅಂದ. ಆಮೇಲೆ ಕೇಳಿದ, "ನೀಲಿ ಸಿಗುತ್ತಾ?"

ಕೊಪ್ಪರಿಗೆ

ಮೊದಲು ನೋಡಿದ್ದು ಜಯಲಕ್ಷ್ಮಿಪುರಂನಲ್ಲಿ. ಒಬ್ಬ ನಿವೃತ್ತ ಮೇಷ್ಟ್ರು ತೋಟ ಮಾಡುತ್ತೇನೆಂದು ಪಿಕಪ್ ಕೊಂಡಿದ್ದರು. ತೋಟ ಆಗಲಿಲ್ಲ, ಪಿಕಪ್ ಉಳಿಯಿತು.

ನಾನು ಹೋಗುವಷ್ಟರಲ್ಲಿ ಶಾಮಿಯಾನದವನು ಗೇಟಿನ ಮುಂದೆ ಇದ್ದ. ಜೊತೆಗೆ ಲಗೇಜ್ ಆಟೋ. ಅದರಲ್ಲಿ ಅವನ ಅಂಗಡಿಯ ಅತಿ ದೊಡ್ಡ ಕೊಪ್ಪರಿಗೆ. ಐನೂರು ಜನಕ್ಕೆ ಸಾರು ಮಾಡುವಂಥದ್ದು.

"ಇದ್ಯಾಕೆ?"

"ಅಳತೆಗೆ ಕಣಣ್ಣ. ಇದು ಕೂತರೆ ಎಲ್ಲಾ ಕೂರುತ್ತೆ."

"ಟೇಪು ತರಬಹುದಿತ್ತು."

"ಟೇಪಿನಲ್ಲಿ ಸಾರು ಮಾಡಕ್ಕಾಗುತ್ತಾ?"

ನಾಲ್ಕು ಜನ ಸೇರಿ ಕೊಪ್ಪರಿಗೆ ಇಳಿಸಿ, ಗೇಟಿನೊಳಗೆ ತಂದು, ಪಿಕಪ್ಪಿಗೆ ಏರಿಸಿದರು. ಆ ಗಾಡಿಗೆ ಹಿಂದೆಯೂ ಒಂದು ಸಾಲು ಸೀಟು. ಹಾಗಾಗಿ ಸಾಮಾನು ಹಾಕುವ ಜಾಗ ಗಿಡ್ಡ. ಕೊಪ್ಪರಿಗೆ ಕೂರಲಿಲ್ಲ. ಓರೆ ಮಾಡಿದರು, ಬೋರಲು ಹಾಕಿದರು. ಆಗಲೂ ಕೂರಲಿಲ್ಲ. ಮತ್ತೆ ಇಳಿಸಿ ಅಂಗಳದಲ್ಲಿಟ್ಟು ಎಲ್ಲರೂ ಕಾಫಿ ಕುಡಿದೆವು.

ಕಾಫಿ ಮುಗಿಯುವಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಹತ್ತಿರ ಬಂದು ಮೇಷ್ಟ್ರ ಹೆಂಡತಿಯನ್ನು ಕೇಳಿದರು, "ಏನ್ರೀ, ಮಗಳ ಮದುವೆ ಗೊತ್ತು ಮಾಡಿ ಪಾತ್ರೆ ಇಳಿಸೋವರೆಗೂ ನಮಗೊಂದು ಮಾತು ಹೇಳಲಿಲ್ವಲ್ಲ?"

"ಮದುವೆ ಇಲ್ಲ ಕಣ್ರೀ. ಗಾಡಿ ಮಾರ್ತಾ ಇದೀವಿ."

"ಇರಲಿ ಬಿಡಿ. ಮದುವೆಗೆ ಅಂತ ಗಾಡಿನೂ ಮಾರ್ತಿದ್ದೀರಿ."

ಪಕ್ಕದ ಮನೆಯಾಕೆ ಆರು ತಿಂಗಳು ಮೇಷ್ಟ್ರ ಮನೆಯವರ ಜೊತೆ ಮಾತು ಬಿಟ್ಟರಂತೆ. ಮಾರನೆಯ ವರ್ಷ ಆ ಹುಡುಗಿಯ ಮದುವೆ ನಿಜವಾಗಿಯೂ ಆಯಿತು. ಅದೇ ಕೊಪ್ಪರಿಗೆಯಲ್ಲಿ ಸಾರು.

ಅವ್ವನ ಪ್ರಶ್ನೆ

ಎರಡನೆಯ ಗಾಡಿ ನಂಜನಗೂಡು ರಸ್ತೆಯ ಒಬ್ಬ ಇಟ್ಟಿಗೆ ವ್ಯಾಪಾರಿಯದು. ಎಂಜಿನ್ ಚೆನ್ನಾಗಿತ್ತು. ಚಾಸಿ ನೆಟ್ಟಗಿತ್ತು. ಹಿಂದೆ ಟ್ರಾಲಿ ಸಿಕ್ಕಿಸಲು ಹುಕ್ಕೂ ಇತ್ತು. ಕೊಪ್ಪರಿಗೆ ಕೂತಿತು. ತಗೋ ಅಂದೆ.

"ಅವ್ವ ಒಂದ್ಸಲ ನೋಡ್ಲಿ ಅಣ್ಣ."

ಅವನ ತಾಯಿಯನ್ನು ಎಲ್ಲರೂ ಅವ್ವ ಅನ್ನುತ್ತಿದ್ದರು. ಅಂಗಡಿ ನಡೆಸುತ್ತಿದ್ದುದು ಆಕೆ. ಅಲ್ಲಿ ಆಕೆಯದೇ ಒಂದು ಕಟ್ಟಳೆ ಇತ್ತು. ಸಾವಿನ ಮನೆಗೆ ಹಾಕುವ ಬಿಳಿ ಶಾಮಿಯಾನ ಬೇರೆ, ಅದನ್ನಿಡುವ ಕೋಣೆ ಬೇರೆ, ಅದು ಹೋಗುವುದು ಕೈಗಾಡಿಯಲ್ಲಿ. ಮದುವೆ ಸಾಮಾನಿಗೆ ಅದರ ಗಾಳಿಯೂ ಸೋಕಬಾರದು.

ಅವ್ವ ಬಂದು ಗಾಡಿಯ ಮುಂದೆ ಕೈಕಟ್ಟಿ ನಿಂತು ವ್ಯಾಪಾರಿಯನ್ನು ಕೇಳಿದಳು, "ಈ ಗಾಡೀಲಿ ಎಣ ಒತ್ತಿದ್ದೀರಾ?"

"ದೇವರಾಣೆ ಹೆಣ ಹೊತ್ತಿಲ್ಲ ತಾಯಿ. ಬರೀ ಇಟ್ಟಿಗೆ."

ಅವನ ಡ್ರೈವರ್ ಪ್ರಾಮಾಣಿಕ ಮನುಷ್ಯ. ಟೈರಿನ ಹಿಂದಿನಿಂದ ತಲೆ ಎತ್ತಿ ಹೇಳಿದ, "ಒಂದೇ ಸಲ ಕಣವ್ವ. ಅದೂ ಹೊರಗಿನೋರಲ್ಲ. ನಮ್ಮ ದೊಡ್ಡ ಯಜಮಾನ್ರು."

ವ್ಯಾಪಾರಿ ಡ್ರೈವರನ್ನು ನೋಡಿದ. ಅವ್ವ ಚಪ್ಪಲಿ ಮೆಟ್ಟಿಕೊಂಡಳು.

ನಾನು ಹೇಳಿದೆ, "ಅವ್ವ, ಎಂಜಿನ್‌ಗೆ ಏನು ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲಪ್ಪ" ಅಂದಳು.

ನೆಂಟರ ತೂಕ

ಮೂರನೆಯದು ಒಬ್ಬ ತರಕಾರಿ ಮಂಡಿಯವನದು. ನೋಡಲು ಚೆಂದ, ಬಣ್ಣ ನೀಲಿ. ನನಗೆ ಎಂಜಿನ್ ಮೇಲೆ ಅನುಮಾನ. ಜನರೇಟರ್ ಸಿಕ್ಕಿಸಿ ಬೆಟ್ಟ ಹತ್ತಿಸಿ ನೋಡೋಣ ಅಂದೆ. ಮೈಸೂರಿನಲ್ಲಿ ಗಾಡಿಯ ಬಲ ಗೊತ್ತಾಗುವುದು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ. ಮಂಡಿಯವನು ಒಪ್ಪಲಿಲ್ಲ. "ಕೊಂಡ ಮೇಲೆ ಏನು ಬೇಕಾದ್ರೂ ಎಳ್ಕೊಳ್ಳಿ. ಬೇಕಾದ್ರೆ ಮೊದಲು ಜನ ಕೂರಿಸ್ಕೊಂಡು ಬೆಟ್ಟದ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸ್ಕೊಂಡು ಬನ್ನಿ" ಅಂದ.

ಶಾಮಿಯಾನದವನು ನನ್ನನ್ನು ಪಕ್ಕಕ್ಕೆ ಕರೆದ. "ಜನರೇಟರ್ ತೂಕ ಎಷ್ಟು ಜನ ಆಗ್ತಾರೆ ಅಣ್ಣ?"

"ಇಪ್ಪತ್ತು."

ಮಾರನೆಯ ಬೆಳಗ್ಗೆ ಇಪ್ಪತ್ತು ಜನ ನೆಂಟರು ಬಂದಿದ್ದರು. ಎಲ್ಲರೂ ಮೈಕೈ ತುಂಬಿಕೊಂಡವರು. ಅವನ ಭಾವಮೈದ ಸಣಕಲ. ಅವನನ್ನು ಬಿಟ್ಟಿದ್ದ.

"ನನ್ನ ಮಾತ್ರ ಯಾಕೆ ಕರೀಲಿಲ್ಲ ಭಾವ?"

"ನೀನು ಲೆಕ್ಕಕ್ಕೆ ಬರಲ್ಲ ಕಣೋ."

ಈ ಮಾತಿಗೆ ಮನೆಯಲ್ಲಿ ಆಮೇಲೆ ದೊಡ್ಡ ರಾದ್ಧಾಂತ ಆಯಿತು. ಅದು ಬೇರೆ ವಿಷಯ.

ಅರ್ಧ ಬೆಟ್ಟದಲ್ಲಿ ತಿರುವು ಬಂತು. ಗಾಡಿ ಕೆಮ್ಮಿತು, ನಿಂತಿತು, ಹಿಂದಕ್ಕೆ ಜಾರಿತು. ನಾನು ಹಾರಿ ಚಕ್ರಕ್ಕೆ ಕಲ್ಲು ಕೊಟ್ಟೆ. ನೆಂಟರೆಲ್ಲ ಇಳಿದರು. ಖಾಲಿ ಗಾಡಿ ಹತ್ತಿತು.

"ನೋಡಿ, ಹತ್ತಿತಲ್ಲ" ಅಂದ ಮಂಡಿಯವನು.

ಇಪ್ಪತ್ತು ಜನ ಉಳಿದ ಬೆಟ್ಟವನ್ನು ನಡೆದು ಹತ್ತಿದರು. ನನಗೆ ಮುಜುಗರವಾಯಿತು. ಅವನ ಸೋದರತ್ತೆ ಮಾತ್ರ ಮೇಲೆ ಬಂದು, ಏದುಸಿರು ಬಿಡುತ್ತಾ ಅವನ ತಲೆ ಸವರಿದಳು. "ನಡ್ಕೊಂಡು ಅತ್ತಬೇಕು ಅಂತ ಅರಕೆ ಇತ್ತು ಕಣಪ್ಪ. ಒಂಬತ್ತು ವರ್ಸದಿಂದ ಆಗಿರಲಿಲ್ಲ. ಈ ಗಾಡಿ ದೆಸೆಯಿಂದ ತೀರಿತು."

ಅವಳು ಅದನ್ನೇ ಕೊಳ್ಳು ಅಂದಳು. ನಾನು ಬೇಡ ಅಂದೆ.

ನಿಧಾನವಾಗಿ ಓಡಿದ್ದು

ಮದುವೆಗೆ ನಾಲ್ಕು ದಿನ ಉಳಿಯಿತು. ಶಾಮಿಯಾನದವನು ಊಟ ಬಿಟ್ಟಿದ್ದ. ಮ್ಯಾನೇಜರ್ ಆಗಲೇ ಇನ್ನೊಬ್ಬ ಶಾಮಿಯಾನದವನ ಹತ್ತಿರ ಮಾತಾಡಿಟ್ಟಿದ್ದಾನೆಂದು ಯಾರೋ ಹೇಳಿದ್ದರು.

ಒಬ್ಬ ಬ್ರೋಕರ್ ಬನ್ನಿಮಂಟಪದ ಕಡೆ ಒಂದು ಪಿಕಪ್ ಇದೆ ಅಂದ. ಮೊದಲು ನಾನೊಬ್ಬನೇ ಹೋದೆ. ಆಗ ತಾನೇ ನೀಲಿ ಬಣ್ಣ ಹೊಡೆದಿದ್ದರು. ಕೆಳಗೆ ಮಲಗಿ ನೋಡಿದೆ. ಸ್ಪ್ರಿಂಗ್ ಪಟ್ಟಿಗಳು ಹೊಸದರ ಹಾಗೆ. ಚಾಸಿಯ ಮೇಲೆ ಒಂದು ಬಿರುಕಿಲ್ಲ. ಎಂಟು ವರ್ಷದ ಗಾಡಿ ಹೀಗಿರುವುದಿಲ್ಲ.

"ಏನು ಹೊರ್ತಿತ್ತು?"

ಬ್ರೋಕರ್ ಹತ್ತಿರ ಬಂದ. "ನಿಮಗೆ ಮಾತ್ರ ಹೇಳ್ತೀನಿ ಸಾರ್. ಒಂದು ಸೇವಾ ಸಂಘದ್ದು. ಶವ ಸಾಗಿಸೋ ಗಾಡಿ. ಅವರು ಹೊಸದು ತಗೊಂಡ್ರು. ಮೇಲಿದ್ದ ಗೂಡು ಬಿಚ್ಚಿಸಿದ್ದೀನಿ."

ಯೋಚನೆ ಮಾಡಿದೆ. ಒಂದು ಸಲಕ್ಕೆ ಒಂದೇ ಲೋಡು. ಅದೂ ಹಗುರ. ಜೋರಾಗಿ ಓಡಿಸು ಅಂತ ಯಾರೂ ಅಂದಿಲ್ಲ. ಜನ ಹಿಂದೆ ನಡೆದು ಬರುತ್ತಿದ್ದರು. ವಾಪಸು ಬರುವಾಗ ಖಾಲಿ. ಒಂದನೇ ಗೇರಿನಲ್ಲೇ ಹೆಚ್ಚು ಓಡಿ ಕ್ಲಚ್ ಪ್ಲೇಟ್ ಸವೆದಿತ್ತು, ಅಷ್ಟೇ. ಅಂಥ ಗಾಡಿ ಮೈಸೂರಿನಲ್ಲಿ ಇನ್ನೊಂದು ಸಿಗುವುದಿಲ್ಲ.

ಕ್ಲಚ್ ಪ್ಲೇಟ್ ಹಾಕಿಸಿದೆ, ಹಿಂದೆ ಹುಕ್ಕು ಬೆಸುಗೆ ಹಾಕಿಸಿದೆ. ತಾಯಿ ಮಗ ನೋಡಲು ಬಂದರು. ಕೇಳಿದರೆ ನಿಜ ಹೇಳುವುದು, ಕೇಳದಿದ್ದರೆ ಸುಮ್ಮನಿರುವುದು ಎಂದುಕೊಂಡಿದ್ದೆ.

ಮಗ ಗಾಡಿ ಕಂಡು ಗಕ್ಕನೆ ನಿಂತ. ಆಮೇಲೆ, "ನೀಲಿ" ಅಂದ.

ಅವ್ವ ಒಂದು ಸುತ್ತು ಬಂದಳು. ಹಿಂದಿನ ಹಲಗೆಯ ಸಂದಿಗೆ ಬೆರಳು ಹಾಕಿ ಏನೋ ಕೆದಕಿದಳು. ನಾನು ಪ್ರಶ್ನೆಗೆ ಕಾದೆ.

"ಲೈಟು ಅತ್ತುತ್ತೇನಪ್ಪ?" ಅಂದಳು.

"ಹತ್ತುತ್ತೆ ಅವ್ವ."

"ಸರಿ, ತಗೊಳ್ಳಿ."

ವಯಸ್ಸಾಯಿತು, ಮರೆತಳು ಎಂದುಕೊಂಡೆ.

ಮರ್ಯಾದೆ

ಮದುವೆಯ ದಿನ ಜನರೇಟರ್ ಸಿಕ್ಕಿಸಿಕೊಂಡು ಅಶೋಕಪುರಂ ಬಿಟ್ಟೆವು. ಶಾಮಿಯಾನದವನು ಗಾಡಿಗೆ ಹಾರ ಹಾಕಿದ್ದ, ಓಡಿಸುತ್ತಿದ್ದವನೂ ಅವನೇ. ನಾನು ಪಕ್ಕದಲ್ಲಿ ಕೂತಿದ್ದೆ. ಬಣ್ಣ ಬದಲಾಗಿತ್ತು, ಹಾರ್ನು ಬದಲಾಗಿರಲಿಲ್ಲ. ಅದಕ್ಕೊಂದು ಎಳೆದ ದನಿ. ಆ ಗಾಡಿಯ ಹಿಂದೆ ಒಮ್ಮೆ ನಡೆದವನು ಮರೆಯುವಂಥದ್ದಲ್ಲ.

ಮೊದಲ ತಿರುವಿನಲ್ಲಿ ಹಾರ್ನು ಹೊಡೆದ. ಟೀ ಅಂಗಡಿಯ ಮುಂದೆ ಕೂತಿದ್ದ ಮುದುಕ ಎದ್ದು ನಿಂತು ಕೈಮುಗಿದ. ಅಂಗಡಿಯವನು ರೇಡಿಯೋ ಸಣ್ಣ ಮಾಡಿದ. ಸರ್ಕಲ್ಲಿನಲ್ಲಿ ಪೊಲೀಸಿನವನು ಮೂರು ಕಡೆಯ ಗಾಡಿ ನಿಲ್ಲಿಸಿ, ಟೋಪಿ ತೆಗೆದು, ನಮಗೆ ದಾರಿ ಬಿಟ್ಟ. ಒಬ್ಬ ಸೈಕಲ್ಲಿನವನು ಇಳಿದು ಸ್ವಲ್ಪ ದೂರ ನಮ್ಮ ಹಿಂದೆಯೇ ನಡೆದು ಬಂದ.

"ನೋಡಿದ್ರಾ ಅಣ್ಣ, ಮದುವೆ ಗಾಡಿ ಅಂದ್ರೆ ಎಷ್ಟು ಮರ್ಯಾದೆ" ಅಂದ ಶಾಮಿಯಾನದವನು.

"ಹೂಂ" ಅಂದೆ.

ಎಲ್ಲೂ ನಿಲ್ಲಲಿಲ್ಲ. ಒಂದು ಗಂಟೆ ಮೊದಲೇ ಛತ್ರ ಮುಟ್ಟಿದೆವು. ಮುಹೂರ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಜನರೇಟರ್ ಶುರುವಾಯಿತು. ಮ್ಯಾನೇಜರ್ ಬಂದು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ" ಅಂದ. ಬೋರ್ಡು ಉಳಿಯಿತು.

ಮಾರಿದ್ದು

ಆ ಗಾಡಿ ಹನ್ನೊಂದು ವರ್ಷ ಜನರೇಟರ್ ಎಳೆಯಿತು. ಒಂದು ಮದುವೆಗೂ ತಡವಾಗಲಿಲ್ಲ. ಆಮೇಲೆ ಛತ್ರದವರೇ ದೊಡ್ಡ ಜನರೇಟರ್ ಹಾಕಿಸಿಕೊಂಡರು. ಗಾಡಿ ಮಾರಲು ನಿಂತಿತು. ಕೊಳ್ಳಲು ಬಂದವನು ಒಬ್ಬ ಅಡುಗೆ ಕಂಟ್ರ್ಯಾಕ್ಟರ್. ಎಂಜಿನ್ ನೋಡಿದ, ಚಾಸಿ ನೋಡಿದ, ನಮ್ಮ ಮೂವರ ಕಡೆ ತಿರುಗಿದ.

"ತಪ್ಪು ತಿಳ್ಕೋಬೇಡಿ. ನಮ್ಮದು ಶುಭಕಾರ್ಯದ ಕೆಲಸ. ಇದರಲ್ಲಿ ಹೆಣ ಏನಾದ್ರೂ ಹೊತ್ತಿದ್ದೀರಾ?"

ನಾನು ನೆಲ ನೋಡಿದೆ. ಮಗ ಆಕಾಶ ನೋಡಿದ.

ಅವ್ವ ಹೇಳಿದಳು, "ನಮ್ಮತ್ರ ಬಂದ್ಮೇಲೆ ಒಂದೂ ಇಲ್ಲ ಕಣಪ್ಪ. ಮದುವೆ ಸಾಮಾನು ಬಿಟ್ಟು ಇನ್ನೇನೂ ಒತ್ತಿಲ್ಲ."

ಅವನು ಒಪ್ಪಿಕೊಂಡು ಸಂಜೆ ಬರುತ್ತೇನೆಂದು ಹೋದ. ಮಗ ಟೀ ಹೇಳಲು ಹೊರಟ. ನನಗೆ ತಡೆಯಲಾಗಲಿಲ್ಲ.

"ಅವ್ವ, ನಿಮಗೊಂದು ವಿಷಯ ಹೇಳ್ಬೇಕಿತ್ತು. ಅದು ನಿಮ್ಮ ಹತ್ರ ಬರೋಕೆ ಮುಂಚೆ..."

"ಗೊತ್ತು ಬುಡಪ್ಪ."

"ಹೇಗೆ?"

"ಅಲಗೆ ಸಂದೀಲಿ ಪುರಿ ಇತ್ತು. ಜೊತೇಲಿ ನಾಲ್ಕಾಣೆ. ಪುರಿ ಕಾಸು ಎರಚ್ಕೊಂಡು ಓಗೋ ಗಾಡಿ ಇನ್ಯಾವುದು? ಕೇಳಿದ್ರೆ ನೀನು ನಿಜ ಏಳ್ಬುಡ್ತಿದ್ದೆ. ಇನ್ನು ಮೂರು ದಿನ ಇತ್ತು. ಅದಕ್ಕೇ ಲೈಟು ಕೇಳ್ದೆ."

ಹನ್ನೊಂದು ವರ್ಷ ಆ ಗುಟ್ಟು ಇಟ್ಟುಕೊಂಡು ನಾನು ಸುಮ್ಮನೆ ಒದ್ದಾಡಿದ್ದೆ.

"ನನ್ನ ಮಗಂಗೆ ಮಾತ್ರ ಏಳಬೇಡ. ಮೊದಲೇ ಪುಕ್ಕಲ" ಅಂದಳು.

ಮಗ ಹಿಂದೆಯೇ ನಿಂತಿದ್ದ. ಟೀ ತರಲು ಚಿಲ್ಲರೆ ಕೇಳಲು ವಾಪಸು ಬಂದಿದ್ದ.

"ನಂಗೂ ಗೊತ್ತು ಕಣವ್ವ."

"ನಿಂಗೆಂಗೋ ಗೊತ್ತು?"

"ಬಿಳಿ ಶಾಮಿಯಾನ ಹಾಕ್ತಾ ಇದ್ದೋನು ನಾನಲ್ವಾ? ಹಾಕಿದ ಮನೆ ಮನೆ ಮುಂದೂ ಇದೇ ಗಾಡಿ ನಿಂತಿರ್ತಿತ್ತು. ನೋಡಿದ ತಕ್ಷಣ ಗುರುತು ಸಿಕ್ತು."

"ಗೊತ್ತಿದ್ದೂ ಯಾಕೋ ತಗೊಂಡೆ?"

"ಅಷ್ಟು ವರ್ಷ ನೋಡಿದ್ದೀನಿ ಅವ್ವ. ಒಂದು ದಿನಾನೂ ಲೇಟಾಗಿ ಬಂದದ್ದಿಲ್ಲ."

ಸಂಜೆ ಅಡುಗೆಯವನು ಬಂದು ಗಾಡಿ ತೆಗೆದುಕೊಂಡು ಹೋದ. ಹಾರ್ನು ಬದಲಾಯಿಸಿಕೋ ಅಂತ ಅವನಿಗೆ ನಾನೇ ಹೇಳಿದೆ.